ತೀರಿಕೊಂಡ ಸೋದರತ್ತೆಯ ವಿಲ್‌ನಲ್ಲಿ ಏನಿದೆ ಅಂತ ತಿಳಿದುಕೊಳ್ಳುವುದು ಹೇಗೆ?

ನೀವು ಬರೆದಿರುವುದು ಇಷ್ಟು. ಮೈಸೂರಿನಲ್ಲಿದ್ದ ನಿಮ್ಮ ಸೋದರತ್ತೆ ತೀರಿಕೊಂಡರು. ಗಂಡ ಮೊದಲೇ ಹೋಗಿದ್ದರು, ಮಕ್ಕಳಿಲ್ಲ. ಮನೆಯಲ್ಲಿ ನಿಮಗೂ ಪಾಲು ಬರೆದಿಟ್ಟಿದ್ದೇನೆ ಎಂದು ಅವರೇ ಹೇಳಿದ್ದರು. ಈಗ ಅವರ ಗಂಡನ ಅಣ್ಣನ ಮಗ 'ವಿಲ್ ನನ್ನ ಹತ್ರ ಇದೆ, ವರ್ಷಾಬ್ದಿಕ ಕಳೀಲಿ, ತೋರಿಸ್ತೀನಿ' ಎನ್ನುತ್ತಿದ್ದಾರೆ. ಕಾಯಬೇಕಾ ಅಂತ ನಿಮ್ಮ ಪ್ರಶ್ನೆ.

ದಯವಿಟ್ಟು ಕಾಯಬೇಡಿ. ನಾನು ತಾಲ್ಲೂಕು ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವ ವಕೀಲ. ಇಂಥ ಮಾತು ನಂಬಿ ಕೂತು, ಮನೆಯ ಖಾತೆ (ಪಾಲಿಕೆಯ ಆಸ್ತಿ ದಾಖಲೆ) ಬೇರೆಯವರ ಹೆಸರಿಗೆ ಆದ ಮೇಲೆ ಓಡಿ ಬರುವವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ವಕೀಲರು ಮನೆಯವರನ್ನೆಲ್ಲ ಕೂರಿಸಿ ವಿಲ್ ಓದಲೇಬೇಕು ಎಂಬ ನಿಯಮ ನಮ್ಮಲ್ಲಿಲ್ಲ. ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್, ಅಂದರೆ ವಿಲ್ ಅಸಲಿ ಎಂದು ಕೋರ್ಟಿನ ದೃಢೀಕರಣ, ಕಡ್ಡಾಯವೂ ಅಲ್ಲ. ಹಾಗಾಗಿ ನಿಮ್ಮ ಹೆಸರು ಅದರಲ್ಲಿದ್ದರೂ ಯಾರೂ ನಿಮಗೆ ಪತ್ರ ಬರೆದು ತಿಳಿಸುವುದಿಲ್ಲ. ನೀವೇ ಹುಡುಕಬೇಕು.

ಇಲ್ಲಿ ಇನ್ನೊಂದು ವಿಷಯ ಇದೆ. ವಿಲ್ ಇಲ್ಲದಿದ್ದರೆ ಲಾಭ ಯಾರಿಗೆ ಅಂತ ಯೋಚಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ 15ನೇ ಸೆಕ್ಷನ್ ಪ್ರಕಾರ, ಗಂಡನೂ ಮಕ್ಕಳೂ ಇಲ್ಲದ ಹೆಂಗಸು ವಿಲ್ ಬರೆಯದೆ ತೀರಿಕೊಂಡರೆ, ಅವರು ಸ್ವಂತ ದುಡ್ಡಿನಲ್ಲಿ ಕೊಂಡ ಆಸ್ತಿ ಮೊದಲು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ತವರಿನವರ ಸರದಿ ಆಮೇಲೆ. ಅಪ್ಪ ಅಮ್ಮನಿಂದ ಬಂದ ಆಸ್ತಿಯಾದರೆ ಮಾತ್ರ ತಂದೆಯ ಕಡೆಯ ವಾರಸುದಾರರಿಗೆ. ಅಂದರೆ ಮನೆ ಅತ್ತೆಯೇ ಕೊಂಡದ್ದಾದರೆ, ವಿಲ್ ಕಾಣಿಸದೇ ಇದ್ದಷ್ಟೂ ಆ ಕಡೆಯವರಿಗೆ ಅನುಕೂಲ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ ಕಾದು ನಷ್ಟ ಆಗುವುದು ನಿಮಗೆ, ಅವರಿಗಲ್ಲ.

ಈಗ ದಾರಿ. ವಿಲ್ ರಿಜಿಸ್ಟರ್ ಆಗಿದ್ದರೆ ಅದನ್ನು ಓದಲು ಅವರ ಒಪ್ಪಿಗೆ ಬೇಕಿಲ್ಲ. ನೋಂದಾಯಿತ ವಿಲ್‌ಗಳನ್ನು ಸಬ್ ರಿಜಿಸ್ಟ್ರಾರ್ ಆಫೀಸಿನ 3ನೇ ಪುಸ್ತಕದಲ್ಲಿ ದಾಖಲಿಸುತ್ತಾರೆ. ಬರೆದವರು ಬದುಕಿರುವ ತನಕ ಅದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬೇಕು. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮರಣ ಪ್ರಮಾಣಪತ್ರ ತೆಗೆದುಕೊಂಡು ಹೋಗಿ. ಅತ್ತೆಯ ಹೆಸರು, ಗಂಡನ ಹೆಸರು, ಸುಮಾರು ಯಾವ ವರ್ಷಗಳಲ್ಲಿ ಬರೆದಿರಬಹುದು ಎಂಬುದನ್ನು ಬರೆದು, ಹುಡುಕಿ ದೃಢೀಕೃತ ನಕಲು ಕೊಡಿ ಎಂದು ಅರ್ಜಿ ಹಾಕಿ. ಹುಡುಕುವುದು ಅಧಿಕಾರಿಯ ಕೆಲಸ, ಪುಸ್ತಕ ನಿಮ್ಮ ಕೈಗೆ ಕೊಡುವುದಿಲ್ಲ. ಶುಲ್ಕ ಕಟ್ಟಿದ ರಸೀದಿ, ಅರ್ಜಿಯ ಸ್ವೀಕೃತಿ ಎರಡನ್ನೂ ಇಟ್ಟುಕೊಳ್ಳಿ.

ತುಂಬಾ ಜನ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆದು ನೋಡಿ, ವಿಲ್ ಇಲ್ಲವೇ ಇಲ್ಲ ಅಂತ ಕೈಬಿಡುತ್ತಾರೆ. ಇ.ಸಿ.ಯಲ್ಲಿ ಬರುವುದು ಕ್ರಯ, ಅಡಮಾನ, ದಾನ ಇಂಥವು. ಅವು 1ನೇ ಪುಸ್ತಕದವು. ವಿಲ್ ಅಲ್ಲಿ ಕಾಣಿಸುವುದಿಲ್ಲ. ಇನ್ನೊಂದು ತೊಡಕು, ವಿಲ್ಲನ್ನು ಆಸ್ತಿ ಇರುವ ಊರಿನಲ್ಲೇ ರಿಜಿಸ್ಟರ್ ಮಾಡಿಸಬೇಕು ಎಂದೇನಿಲ್ಲ. ಅತ್ತೆ ವಾಸವಿದ್ದ ಬಡಾವಣೆ, ಕೆಲಸ ಮಾಡಿದ ಊರು, ತವರು, ಕೊನೆಗಾಲದಲ್ಲಿ ಇದ್ದ ಮನೆ, ಎಲ್ಲ ಕಡೆಯ ಆಫೀಸುಗಳಲ್ಲೂ ಕೇಳಿ. ಒಂದು ವಿಲ್ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಕೊನೆಯದೇ ಊರ್ಜಿತ. ಹಾಗಾಗಿ ಇವತ್ತಿನವರೆಗಿನ ದಾಖಲೆ ಹುಡುಕಿಸಿ, ಏಕೆಂದರೆ ವಿಲ್ಲನ್ನು ಬರೆದವರ ಸಾವಿನ ನಂತರವೂ ರಿಜಿಸ್ಟರ್ ಮಾಡಿಸಬಹುದು. ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಹತ್ತಿರ ಇಡುವ ಅವಕಾಶವೂ ಇದೆ. ಅಲ್ಲೂ ಒಮ್ಮೆ ವಿಚಾರಿಸಿ.

ರಿಜಿಸ್ಟರ್ ಮಾಡಿಸದ ವಿಲ್ ಆಗಿದ್ದರೆ? ಅದೂ ಕಾನೂನಿನಲ್ಲಿ ನಡೆಯುತ್ತದೆ, ಇಬ್ಬರು ಸಾಕ್ಷಿಗಳ ಸಹಿ ಸರಿಯಾಗಿದ್ದರೆ ಸಾಕು. ಆಗ ಹುಡುಕಾಟ ಕಷ್ಟ. ಆದರೆ ಆ ಕಾಗದದಿಂದ ಅವರಿಗೆ ಏನಾದರೂ ಸಿಗಬೇಕಾದರೆ ಎಲ್ಲಾದರೂ ಅದನ್ನು ತೋರಿಸಲೇಬೇಕಲ್ವಾ? ಖಾತೆ ಬದಲಾವಣೆಗೆ ಪಾಲಿಕೆಗೆ ಕೊಡುತ್ತಾರೆ, ಜಮೀನಿದ್ದರೆ ಮ್ಯುಟೇಷನ್‌ಗೆ (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆಗೆ) ಕೊಡುತ್ತಾರೆ. ಆ ಕಡತದ ನಕಲು ಕೇಳಿ. ಅದಕ್ಕಿಂತ ಮೊದಲು, ಈ ವಾರವೇ, ಪಾಲಿಕೆಯ ವಲಯ ಕಚೇರಿಗೆ ಒಂದು ತಕರಾರು ಅರ್ಜಿ ಕೊಟ್ಟುಬಿಡಿ. 'ವಿಲ್ ವಿಷಯ ಇತ್ಯರ್ಥವಾಗಿಲ್ಲ, ಖಾತೆ ಬದಲಿಸುವ ಮುನ್ನ ನನಗೆ ನೋಟಿಸ್ ಕೊಡಿ' ಎಂದಿದ್ದರೆ ಸಾಕು. ನಂಬಿ, ಮುಂದೆ ತುಂಬಾ ಉಪಯೋಗಕ್ಕೆ ಬರುವ ಕಾಗದ ಇದು.

ವಿಲ್ ತನ್ನ ಬಳಿ ಇದೆ ಎಂದು ಅವರು ವಾಟ್ಸಾಪಿನಲ್ಲಿ ಬರೆದಿದ್ದರೆ ಅಳಿಸಬೇಡಿ. ವಿಲ್ ಕೈಯಲ್ಲಿಟ್ಟುಕೊಂಡವರನ್ನು ಅದನ್ನು ಹಾಜರುಪಡಿಸಿ ಎಂದು ಆದೇಶಿಸುವ ಅಧಿಕಾರ ಜಿಲ್ಲಾ ನ್ಯಾಯಾಧೀಶರಿಗೆ ಇದೆ, ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 267ನೇ ಸೆಕ್ಷನ್. ಮೊದಲು ವಕೀಲರಿಂದ ಒಂದು ನೋಟಿಸ್ ಕಳಿಸಿ. ಎಷ್ಟೋ ಸಲ ಅಲ್ಲಿಗೇ ವಿಲ್ ಹೊರಗೆ ಬರುತ್ತದೆ.

ನಕಲು ಸಿಕ್ಕಿ, ಎಲ್ಲವೂ ಅವರಿಗೇ ಬರೆದಿದೆ ಎಂದು ಕಂಡರೂ ಎದೆಗುಂದಬೇಡಿ. ಲಾಭ ಪಡೆದವರೇ ಮುಂದೆ ನಿಂತು ವಿಲ್ ಬರೆಸಿದ್ದರೆ, ಆ ಅನುಮಾನ ನಿವಾರಿಸುವ ಹೊಣೆ ಅವರದೇ. ಸುಪ್ರೀಂ ಕೋರ್ಟ್ ಹೀಗೆ ಹೇಳಿದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣ ಮೈಸೂರು ಹೈಕೋರ್ಟಿನಿಂದಲೇ ಹೋದದ್ದು. ಇವತ್ತಿಗೂ ಎಲ್ಲ ಕೋರ್ಟುಗಳಲ್ಲೂ ಅದನ್ನು ಉಲ್ಲೇಖಿಸುತ್ತಾರೆ.

ನಿಮ್ಮ ಹೆಸರೇ ಇದ್ದರೆ, ಮೊದಲು ಕೊನೆಯ ಪುಟದಲ್ಲಿರುವ ಸಾಕ್ಷಿಗಳ ಹೆಸರು, ವಿಳಾಸ ಬರೆದುಕೊಳ್ಳಿ. ಅವರು ಬದುಕಿದ್ದರೆ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ವಯಸ್ಸಾದವರಾಗಿದ್ದರೆ ಅದನ್ನು ನಿಮ್ಮ ವಕೀಲರಿಗೆ ಮೊದಲ ದಿನವೇ ತಿಳಿಸಿ.