ಅಪ್ಪನ ಭಯವನ್ನೂ ಬರೆಯಿರಿ

ಪ್ರಿಯ ಲೇಖಕಿಯವರಿಗೆ ನಮಸ್ಕಾರಗಳು.

ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರೊಬ್ಬರ ಮಗಳು ಮನೆಯವರ ವಿರೋಧವನ್ನು ಮೀರಿ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ ಸೇರುವ ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿಯಾಗಿ ಓದಿದೆ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಕೈಬಿಡಬೇಡಿ ಎಂದು ಹೇಳುವುದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾಯಕಿ ಹೆದರುತ್ತಾಳೆ ಎಂದು ಮತ್ತೆ ಮತ್ತೆ ಹೇಳುತ್ತೀರಿ, ಯಾವುದಕ್ಕೆ ಹೆದರುತ್ತಾಳೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಎದೆ ಢವಗುಟ್ಟುವುದು, ಕೈಕಾಲು ತಣ್ಣಗಾಗುವುದು ಯಾವ ಪಾತ್ರಕ್ಕಾದರೂ ಆಗಬಹುದು. ಮನೆ ಬಿಟ್ಟರೆ ಅವಳು ಕಳೆದುಕೊಳ್ಳುವುದೇನು ಎಂಬುದು ಕಣ್ಣಿಗೆ ಕಟ್ಟದ ಹೊರತು ಅವಳ ಧೈರ್ಯಕ್ಕೆ ತೂಕ ಬರುವುದಿಲ್ಲ. ಮೇಷ್ಟರ ಭಾಷಣ ಕೇಳಿ ಅವಳು ರಾತ್ರೋರಾತ್ರಿ ಗಟ್ಟಿಯಾಗುವ ಅಧ್ಯಾಯವನ್ನು ದಯವಿಟ್ಟು ತೆಗೆದುಹಾಕಿ.

ತಂದೆ ನಿಮ್ಮ ಬರಹದಲ್ಲಿ ಬರೀ ಸಿಡುಕುವ ಮನುಷ್ಯ. ಆ ಸಿಡುಕಿನ ಹಿಂದಿರುವುದೂ ಭಯವೇ ಅಲ್ಲವೇ? ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಗಿಡ ಹೂಬಿಡಲು ಬೇಕಾದ ಮಳೆ, ಬಿದ್ದ ಮೇಲೆ ಅರೇಬಿಕಾ ಕಾಫಿಯ ಮೊಗ್ಗು ಅರಳಲು ಎಂಟು ಹತ್ತು ದಿನ ಬೇಕು. ಅರಳಿದ ದಿನವೇ ಮತ್ತೆ ಮಳೆ ಹೊಯ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ, ಆಮೇಲಿನ ವಾರಗಳಲ್ಲಿ ಇನ್ನೊಂದು ಮಳೆ ಬಾರದಿದ್ದರೆ ಕಚ್ಚಿದ್ದೂ ನಿಲ್ಲುವುದಿಲ್ಲ. ಸ್ಪ್ರಿಂಕ್ಲರ್ ಹಾಕಲು ಕೆರೆಯಿಲ್ಲದ, ಸೊಸೈಟಿ ಸಾಲ ತೀರದ ಮನೆಯಲ್ಲಿ ಆ ದಿನಗಳನ್ನು ಹೇಗೆ ಕಳೆಯುತ್ತಾರೆ ಎಂದು ಬೆಳೆಗಾರರ ಜೊತೆ ಕುಳಿತು ಕೇಳಿ ತಿಳಿಯಿರಿ. ಅರ್ಜಿ ಹಾಕಿದ ಸಂಗತಿಯನ್ನು ಮಗಳು ಅಪ್ಪನಿಗೆ ಹೇಳುವುದು ಆ ದಿನಗಳಲ್ಲೇ ಆಗಲಿ. ಆಗ ಇಬ್ಬರ ಭಯವೂ ಎದುರುಬದುರಾಗುತ್ತದೆ, ಯಾರನ್ನೂ ಕೆಟ್ಟವರನ್ನಾಗಿ ಮಾಡಬೇಕಾಗುವುದಿಲ್ಲ.

ಇಡೀ ಹಸ್ತಪ್ರತಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊಯ್ದ ಕಾಫಿ ಒಣಗಿಸುವ ಕಣದ ದೃಶ್ಯ. ಹುಡುಗಿ ಕಾಫಿ ಹರಡುತ್ತಾ ನಾಟಕದ ಮಾತುಗಳನ್ನು ತುಟಿಯೊಳಗೇ ಹೇಳಿಕೊಳ್ಳುತ್ತಾಳೆ. ಅಮ್ಮ ಏನೂ ಕೇಳದೆ ರೇಡಿಯೊದ ದನಿ ತಗ್ಗಿಸುತ್ತಾರೆ. ಆ ತಾಯಿಯ ಧೈರ್ಯದ ಬಗ್ಗೆ ನೀವು ಒಂದು ಮಾತೂ ವಿವರಿಸಿಲ್ಲ, ಅದಕ್ಕೇ ಅದು ನಾಟಿದೆ. ಆದರೆ ಅದನ್ನು ಜೂನ್‌ನಲ್ಲಿ ಇಟ್ಟಿದ್ದೀರಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ ನಡೆಯುವುದರಿಂದ ದೃಶ್ಯವನ್ನು ಡಿಸೆಂಬರ್‌ಗೆ ಒಯ್ಯಿರಿ. ಮಲೆನಾಡಿನ ಓದುಗರು ಇಂಥ ತಪ್ಪನ್ನು ಮನ್ನಿಸುವುದಿಲ್ಲ.

ಒಂದು ವರ್ಷದ ತರಬೇತಿ ಮುಗಿಯುತ್ತಿದ್ದಂತೆ ಅವಳಿಗೆ ದೊಡ್ಡ ಪ್ರಶಸ್ತಿ ಕೊಡಿಸಿರುವುದು ಅವಸರವಾಯಿತು. ಮೊದಲ ತಾಲೀಮಿನಲ್ಲಿ ದನಿ ಹೊರಡದೆ ನಿಂತು, ಮಾರನೆಯ ದಿನವೂ ತಾಲೀಮಿಗೆ ಬರುವ ಹುಡುಗಿಯನ್ನು ನಾನು ಹೆಚ್ಚು ನಂಬುತ್ತೇನೆ.

ಎಲ್ಲವನ್ನೂ ಒಮ್ಮೆಗೇ ತಿದ್ದಲು ಹೋಗಬೇಡಿ. ತಂದೆಯ ಅಧ್ಯಾಯವನ್ನು ಮೊದಲು ಬರೆಯಿರಿ. ಅದೊಂದನ್ನೇ ಕಳುಹಿಸಿದರೂ ಓದಿ ಉತ್ತರಿಸುತ್ತೇನೆ.

ಇತಿ,
ಸಂಪಾದಕರು, ಹಾಸನ