ದುಬಾರಿ ವಾಚ್ ಮುಂದೆ ಓಡುತ್ತಿದ್ದರೆ
ದುಬಾರಿ ಆಟೊಮ್ಯಾಟಿಕ್ ವಾಚ್ (ಬ್ಯಾಟರಿ ಇಲ್ಲದೆ, ಕೈಯ ಅಲುಗಾಟದಿಂದಲೇ ಕೀಲಿ ತುಂಬಿಕೊಳ್ಳುವಂಥದ್ದು) ದಿನಕ್ಕೆ ಎರಡು ನಿಮಿಷ ಮುಂದೆ ಹೋಗುತ್ತಿದೆ, ಇಷ್ಟು ದುಡ್ಡು ದಂಡವಾ ಅಂತ ಕೇಳಿದ್ದೀರಿ. ಅಷ್ಟು ಮುಂದೆ ಹೋಗುತ್ತಿದೆ ಅಂದರೆ, ವಾಚಿಗೆ ಅಯಸ್ಕಾಂತ ತಾಗಿರುವ ಸಾಧ್ಯತೆ ಜಾಸ್ತಿ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಓಟ ಜೋರಾಗುತ್ತದೆ. ಸ್ಪೀಕರ್ ಪಕ್ಕ ಇಟ್ಟಿದ್ದರೂ ಸಾಕು.

ಮೊದಲು ದಿಕ್ಸೂಚಿಯ ಹತ್ತಿರ ಹಿಡಿದು ತಿರುಗಿಸಿ. ಮುಳ್ಳು ಜೋರಾಗಿ ಎಳೆದಾಡಿದರೆ ವಾಚ್ ರಿಪೇರಿಯವರ ಹತ್ತಿರ ಡಿಮ್ಯಾಗ್ನೆಟೈಜ್ ಮಾಡಿಸಿ (ಅಂದರೆ ಅಂಟಿದ ಕಾಂತತ್ವ ತೆಗೆಸಿ), ಕ್ಷಣದ ಕೆಲಸ. ಆಮೇಲೂ ಮುಂದೆ ಓಡಿದರೆ ಕೆಳಗೆ ಬಿದ್ದ ಪೆಟ್ಟಿರಬಹುದು. ನೋಡದೆ ಖಚಿತವಾಗಿ ಹೇಳಲಾರೆ, ಬಿಚ್ಚಿಸಿ ನೋಡಿಸಿ.

'ಇಷ್ಟು ದುಡ್ಡು ದಂಡವಾ' ಅಂದಿರಲ್ಲ, ಬರೀ ಸಮಯ ನೋಡೋಕಾದರೆ ಹೌದು. ವಾಚಿನ ನಿಖರತೆ ಪರೀಕ್ಷಿಸಿ ಕೊಡುವ ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರವೇ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಇದ್ದರೂ ಒಪ್ಪುತ್ತದೆ. ಬ್ಯಾಟರಿಯಲ್ಲಿ ಓಡುವ ಅಗ್ಗದ ಕ್ವಾರ್ಟ್ಜ್ ವಾಚ್ ಅದಕ್ಕಿಂತ ಕರಾರುವಾಕ್ಕು! ನೀವು ಕೊಟ್ಟದ್ದು ಕುಸುರಿಗೆ, ಹೆಸರಿಗೆ. ಅದು ಬೇಡವಾದರೆ ಸರಿಮಾಡಿಸಿದ ಮೇಲೆ ಮಾರಿ, ಈಗಲೇ ಬೇಡ.