ಮನೆಮಂದಿಯ ರಕ್ತ, ಮನೆಮಂದಿಯ ಅನುಮಾನ: ಓದುಗರ ಪ್ರಶ್ನೆಗೆ ಡಾಕ್ಟರ್ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮದುವೆ, ಮಕ್ಕಳು, ವಂಶದಲ್ಲಿ ಬರೋ ಕಾಯಿಲೆ ಬಗ್ಗೇನೇ ಇದ್ವು. ಅದಕ್ಕೆ ಈ ಸಲದ ಕಾಲಂ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಹೆಸರು ಯಾರದೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಡಾಕ್ಟ್ರೇ, ನನ್ನದು ಬಿ ಪಾಸಿಟಿವ್, ಹೆಂಡ್ತಿದೂ ಬಿ ಪಾಸಿಟಿವ್, ಮಗೂದು ಓ ಪಾಸಿಟಿವ್ ಅಂತ ಬಂದಿದೆ. ಆಸ್ಪತ್ರೇಲಿ ಮಗು ಅದಲುಬದಲು ಆಯ್ತಾ ಅಂತ ನಮ್ಮಪ್ಪ ಕೇಳ್ತಿದಾರೆ, ಇನ್ನು ಕೆಲವರು ಬಾಯಿಗೆ ಬಂದ ಹಾಗೆ ಮಾತಾಡ್ತಿದಾರೆ. (ಹಾಸನ)

ಉತ್ತರ: ಈ ರಿಪೋರ್ಟಲ್ಲಿ ಅನುಮಾನ ಪಡೋ ಅಂಥದ್ದು ಏನೂ ಇಲ್ಲ, ಮೊದಲು ಹೋಗಿ ನಿಮ್ಮ ಹೆಂಡತಿಗೆ ಈ ಮಾತು ಹೇಳಿ, ಆಮೇಲೆ ಮುಂದಕ್ಕೆ ಓದಿ. ವಂಶವಾಹಿ ಅಂದ್ರೆ ಜೀನ್, ದೇಹ ಯಾವ ಪ್ರೋಟೀನ್ ಹೇಗೆ ಮಾಡ್ಬೇಕು ಅನ್ನೋ ಬರಹ. ಬಹುಪಾಲು ಜೀನ್‌ಗಳು ನಮ್ಮಲ್ಲಿ ಎರಡೆರಡು ಪ್ರತಿ ಇರ್ತವೆ, ಅಮ್ಮನಿಂದ ಒಂದು ಅಪ್ಪನಿಂದ ಒಂದು. ಒಂದು ಪ್ರತಿ ಬಿ, ಇನ್ನೊಂದು ಓ ಇದ್ರೂ ಟೆಸ್ಟಲ್ಲಿ ಬಿ ಅಂತಲೇ ತೋರಿಸುತ್ತೆ, ಓ ಒಳಗೆ ಸುಮ್ನೆ ಕೂತಿರುತ್ತೆ. ಪ್ರಬಲ ಗುಣ, ದುರ್ಬಲ ಗುಣ ಅಂತ ಹೈಸ್ಕೂಲಲ್ಲಿ ಮೆಂಡೆಲ್ ಬಟಾಣಿ ಗಿಡದ ಪಾಠದಲ್ಲಿ ಓದಿದ್ವಲ್ಲ, ಅದೇ ಇದು. ನಿಮ್ಮಿಬ್ಬರಲ್ಲೂ ಹೀಗೆ ಒಂದೊಂದು ಓ ಅಡಗಿದ್ರೆ ಪ್ರತಿ ಮಗುವಿಗೂ 4ರಲ್ಲಿ 1 ಪಾಲು ಓ ಆಗೋ ಸಾಧ್ಯತೆ ಇರುತ್ತೆ.

ಒಂದು ಮಾತು ಸೇರಿಸ್ತೀನಿ. ಎಬಿ ಗ್ರೂಪಿನ ತಂದೆಗೋ ತಾಯಿಗೋ ಓ ಮಗು ಸಾಮಾನ್ಯವಾಗಿ ಹುಟ್ಟಲ್ಲ, ಆದ್ರೆ ಅದಕ್ಕೂ ಅಪವಾದ ಇದೆ. 1952ರಲ್ಲಿ ಮುಂಬೈನಲ್ಲಿ ಡಾ. ಭೆಂಡೆ ಮತ್ತು ಅವರ ಜೊತೆಯವರು ಪತ್ತೆ ಮಾಡಿದ ಬಾಂಬೆ ಬ್ಲಡ್ ಗ್ರೂಪಿನವರಲ್ಲಿ ಎ ಅಥವಾ ಬಿ ಜೀನ್ ಇದ್ರೂ ಅದು ಕೂರೋಕೆ ಬೇಕಾದ ಎಚ್ ಅನ್ನೋ ಅಂಶವೇ ಇರಲ್ಲ, ಹಾಗಾಗಿ ಮಾಮೂಲಿ ಟೆಸ್ಟಲ್ಲಿ ಓ ಅಂತ ಬಂದುಬಿಡುತ್ತೆ. ಅದಕ್ಕೇ ಬರೀ ಬ್ಲಡ್ ಗ್ರೂಪ್ ಚೀಟಿ ಹಿಡ್ಕೊಂಡು ಮನೇಲಿ ತೀರ್ಪು ಕೊಡೋಕೆ ಹೋಗ್ಬೇಡಿ.

ಪ್ರಶ್ನೆ: ನನ್ನ ಮಗಳಿಗೆ 20 ವರ್ಷ. ಅವಳನ್ನ ನನ್ನ ತಮ್ಮನಿಗೇ ಕೊಡ್ಬೇಕು ಅಂತ ನಮ್ಮಮ್ಮ ಹಠ ಹಿಡಿದಿದಾರೆ. ಸೋದರಮಾವ, ಗೋತ್ರ ಬೇರೆ, ಮೂರು ತಲೆಮಾರಿಂದ ಹೀಗೇ ಕೊಟ್ಟು ತಂದಿದೀವಿ, ಯಾರಿಗೇನಾಗಿದೆ ಅಂತಾರೆ. ನಂಗೆ ಒಳಗೊಳಗೇ ಭಯ. (ಕೊಪ್ಪಳ)

ಉತ್ತರ: ಅಮ್ಮ, ನಿಮ್ಮ ಭಯಕ್ಕೆ ಅರ್ಥ ಇದೆ, ನಿಮ್ಮ ತಾಯಿ ಮಾತಲ್ಲೂ ಸ್ವಲ್ಪ ನಿಜ ಇದೆ. ಸಂಬಂಧದಲ್ಲಿ ಮದುವೆಯಾದವರ ಹೆಚ್ಚಿನ ಮಕ್ಕಳು ಚೆನ್ನಾಗೇ ಹುಟ್ತಾರೆ. ಯಾವ ಸಂಬಂಧವೂ ಇಲ್ಲದ ದಂಪತಿಗಳಲ್ಲೂ 100 ಮಕ್ಕಳಲ್ಲಿ 2-3 ಮಕ್ಕಳಿಗೆ ಹುಟ್ಟಿನಿಂದ ಏನಾದ್ರೂ ದೊಡ್ಡ ತೊಂದರೆ ಇರುತ್ತೆ, ಸೋದರತ್ತೆ ಮಗ ಸೋದರಮಾವನ ಮಗಳು ಮದುವೆಯಾದ್ರೆ ಅದಕ್ಕೆ ಇನ್ನೂ 2-3 ಸೇರ್ಕೊಳ್ಳುತ್ತೆ, ಅಕ್ಕನ ಮಗಳನ್ನೇ ಮದುವೆಯಾದ್ರೆ ರಕ್ತಸಂಬಂಧ ಇನ್ನೂ ಹತ್ತಿರ ಆಗಿರೋದ್ರಿಂದ ಅಪಾಯವೂ ಜಾಸ್ತಿ.

ಯಾಕೆ ಅಂತ ನಿಮ್ಮ ಮನೆ ಲೆಕ್ಕದಲ್ಲೇ ಹೇಳ್ತೀನಿ. ನಮ್ಮೆಲ್ಲರಲ್ಲೂ ಕೆಟ್ಟ ಜೀನ್ ಒಂದೆರಡಾದ್ರೂ ಅಡಗಿರುತ್ತೆ, ಇನ್ನೊಂದು ಪ್ರತಿ ಸರಿ ಇರೋದ್ರಿಂದ ಕಾಯಿಲೆ ಬರಲ್ಲ. ನಿಮ್ಮ ತಾಯಿಯಲ್ಲಿ ಅಂಥದ್ದೊಂದು ಇದೆ ಅಂತಿಟ್ಕೊಳ್ಳಿ. ಅದು ನಿಮ್ಮ ತಮ್ಮನಿಗೆ ಬಂದಿರೋ ಸಾಧ್ಯತೆ 2ರಲ್ಲಿ 1. ನಿಮಗೆ 2ರಲ್ಲಿ 1, ನಿಮ್ಮಿಂದ ಮಗಳಿಗೆ 4ರಲ್ಲಿ 1. ಇಬ್ಬರಲ್ಲೂ ಇರೋದು 8ರಲ್ಲಿ 1. ಇಬ್ಬರಲ್ಲೂ ಇದ್ದು ಮಗುವಿಗೆ ಎರಡು ಕೆಟ್ಟ ಪ್ರತಿಯೂ ಹೋಗೋದು 32ರಲ್ಲಿ 1. ಅದೇ ಮಗಳನ್ನ ಹೊರಗೆ ಕೊಟ್ರೆ, 100 ಜನರಲ್ಲಿ ಒಬ್ಬರಲ್ಲಿ ಆ ಜೀನ್ ಇದೆ ಅಂದ್ಕೊಂಡ್ರೆ, 1600ರಲ್ಲಿ 1. ಇದು ಒಂದು ಜೀನಿನ ಲೆಕ್ಕ ಮಾತ್ರ, ನಿಮ್ಮ ತಂದೆ ಕಡೆಯಿಂದ ಬಂದಿರೋದನ್ನ ಇನ್ನೂ ಸೇರಿಸಿಲ್ಲ.

ಇನ್ನು ಗೋತ್ರ. ಗೋತ್ರ ಅಪ್ಪನಿಂದ ಮಗನಿಗೆ ಹೋಗುತ್ತೆ, ವೈ ಕ್ರೋಮೋಸೋಮ್ ಹೋಗೋ ಹಾಗೆ. ಕ್ರೋಮೋಸೋಮ್ ಅಂದ್ರೆ ಜೀನ್‌ಗಳನ್ನ ಸಾಲಾಗಿ ಹೊತ್ತಿರೋ ವರ್ಣತಂತು, ಒಂದೊಂದು ಜೀವಕೋಶದಲ್ಲೂ 46 ಇರುತ್ತೆ, ಗಂಡಸಲ್ಲಿ ಅದರಲ್ಲಿ ವೈ ಒಂದೇ ಒಂದು. ಉಳಿದ 45ಕ್ಕೆ ಗೋತ್ರದ ಪರಿವೆಯೇ ಇಲ್ಲ. ಕರಾವಳಿ ಬಂಟರಲ್ಲಿ ಗೋತ್ರದ ಥರಾನೇ ಇರೋ ‘ಬಳಿ’ ಅಮ್ಮನ ಕಡೆಯಿಂದ ಬರುತ್ತೆ, ಅಲ್ಲೂ ಕಥೆ ಅಷ್ಟೇ, ಒಂದು ಬಾಗಿಲಿಗೆ ಕಾವಲು ಇರುತ್ತೆ, ಇನ್ನೊಂದು ಬಾಗಿಲು ತೆರೆದೇ ಇರುತ್ತೆ. ಗೋತ್ರ ಬೇರೆ ಆದ ಮಾತ್ರಕ್ಕೆ ನಿಮ್ಮ ತಮ್ಮ ನಿಮ್ಮ ಮಗಳಿಗೆ ದೂರದವನಾಗಲ್ಲ, ಜೀನ್ ಲೆಕ್ಕದಲ್ಲಿ ಸುಮಾರು ಕಾಲು ಭಾಗ ಇಬ್ಬರದೂ ಒಂದೇ.

ಮೂರು ತಲೆಮಾರಿಂದ ಯಾರಿಗೂ ಏನೂ ಆಗಿಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ಕೇಳಿ. ನನ್ನ ಹತ್ರ ಬಂದವರೂ ಮೊದಲು ಹೀಗೇ ಹೇಳ್ತಾರೆ, ಅಜ್ಜೀನ ಪಕ್ಕಕ್ಕೆ ಕೂರಿಸ್ಕೊಂಡು ನಿಧಾನಕ್ಕೆ ಕೇಳಿದ್ರೆ ಬಾಣಂತಿ ಕೋಣೆಯಲ್ಲೇ ಹೋದ ಎರಡು ಕೂಸು, ಮಾತು ಬಾರದ ಒಬ್ಬ ಚಿಕ್ಕಪ್ಪ, ನಿಲ್ಲದೆ ಹೋದ ಮೂರು ಬಸಿರು ಎಲ್ಲ ಒಂದೊಂದಾಗಿ ಹೊರಗೆ ಬರುತ್ತೆ, ಅವನ್ನ ಯಾರೂ ಲೆಕ್ಕಕ್ಕೇ ಇಟ್ಟಿರಲ್ಲ. ನನ್ನ ಸಲಹೆ, ಬೇಡ. ಅದಕ್ಕಿಂತ ಮುಂಚೆ ಮಗಳ ಮನಸ್ಸಲ್ಲಿ ಏನಿದೆ ಅಂತ ಕೇಳಿ, ನಿಮ್ಮ ಪತ್ರದಲ್ಲಿ ಅದೊಂದೇ ಇಲ್ಲ.

ಈಗಾಗಲೇ ಹೀಗೆ ಮದುವೆಯಾಗಿ ಇದನ್ನ ಓದ್ತಿರೋರು ಗಾಬರಿ ಆಗ್ಬೇಡಿ. ಬಸಿರಿಗೆ ಮುಂಚೆ ಒಂದ್ಸಲ, ವಂಶದಲ್ಲಿ ಬರೋ ಕಾಯಿಲೆ ಬಗ್ಗೆ ಸಲಹೆ ಕೊಡೋ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ. ಮಗು ಹುಟ್ಟಿದ ತಿಂಗಳೊಳಗೆ ಕಿವಿ ಕೇಳೋ ಟೆಸ್ಟು, ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಮಾಡೋ ಸ್ಕ್ರೀನಿಂಗು ತಪ್ಪದೆ ಮಾಡ್ಸಿ.

ಪ್ರಶ್ನೆ: ನಂಗೆ 27. ಎರಡು ವರ್ಷದಿಂದ ರಕ್ತ ಕಮ್ಮಿ ಅಂತ ಐರನ್ ಮಾತ್ರೆ ತಗೋತಿದೀನಿ, ಹಿಮೋಗ್ಲೋಬಿನ್ 11 ದಾಟ್ತಾನೇ ಇಲ್ಲ. ಈಗ ಥಲಸ್ಸೀಮಿಯಾ ಮೈನರ್ ಅಂದಿದಾರೆ. ನಿಶ್ಚಿತಾರ್ಥ ಆಗಿದೆ. ಹುಡುಗಿ ಮನೆಯವರಿಗೆ ಹೇಳ್ಬೇಕಾ? (ಹುಬ್ಬಳ್ಳಿ)

ಉತ್ತರ: ಹೇಳ್ಬೇಕು, ಹೆದರದೆ ಹೇಳಿ, ಯಾಕಂದ್ರೆ ನೀವು ರೋಗಿ ಅಲ್ಲ. ಥಲಸ್ಸೀಮಿಯಾ ಅಂದ್ರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದೆ ಇರೋ, ವಂಶದಲ್ಲಿ ಬರೋ ರಕ್ತದ ತೊಂದರೆ. ಹಿಮೋಗ್ಲೋಬಿನ್ ಕಟ್ಟೋ ಬೀಟಾ ಗ್ಲೋಬಿನ್ ಜೀನ್ 11ನೇ ಕ್ರೋಮೋಸೋಮ್ ಮೇಲಿರುತ್ತೆ, ನಿಮ್ಮಲ್ಲಿ ಅದರ ಒಂದು ಪ್ರತಿ ಕೆಟ್ಟಿದೆ, ಇನ್ನೊಂದು ಕೆಲಸ ಮಾಡ್ತಿದೆ. ಇದಕ್ಕೆ ವಾಹಕ, ಕ್ಯಾರಿಯರ್ ಅಂತಾರೆ. ನಮ್ಮ ದೇಶದಲ್ಲಿ 100 ಜನರಲ್ಲಿ 3-4 ಮಂದಿ ಹೀಗಿದಾರೆ, ಬಹಳ ಜನಕ್ಕೆ ಗೊತ್ತೇ ಇರಲ್ಲ.

ನೀವು ಕಳ್ಸಿದ ಸಿಬಿಸಿ, ಅಂದ್ರೆ ರಕ್ತಕಣ ಎಣಿಸೋ ಟೆಸ್ಟಿನ ರಿಪೋರ್ಟನ್ನೇ ನೋಡಿ. ಎಂಸಿವಿ, ಅಂದ್ರೆ ಕೆಂಪು ಕಣದ ಗಾತ್ರ, 62 ಇದೆ, 80ರ ಮೇಲೆ ಇರ್ಬೇಕಿತ್ತು. ಕೆಂಪು ಕಣದ ಸಂಖ್ಯೆ ಮಾತ್ರ 5.9, ತುಂಬಿ ತುಳುಕ್ತಿದೆ. 62ನ್ನ 5.9ರಿಂದ ಭಾಗಿಸಿದ್ರೆ ಹತ್ತೂವರೆ ಬರುತ್ತೆ. 13ಕ್ಕಿಂತ ಕಮ್ಮಿ ಬಂದ್ರೆ ಥಲಸ್ಸೀಮಿಯಾ ವಾಹಕ ಇರ್ಬಹುದು ಅಂತ ಅನುಮಾನ ಪಡ್ಬೇಕು, ಬರೀ ಕಬ್ಬಿಣಾಂಶದ ಕೊರತೆ ಇದ್ರೆ ಸಾಮಾನ್ಯವಾಗಿ 13ರ ಮೇಲೆ ಬರುತ್ತೆ. ಇದು ಅಂದಾಜು ಅಷ್ಟೇ, ಖಾತ್ರಿ ಮಾಡೋಕೆ ಎಚ್‌ಪಿಎಲ್‌ಸಿ ಅನ್ನೋ ಟೆಸ್ಟ್ ಇದೆ, ಅದರಲ್ಲಿ ಎ2 ಅನ್ನೋ ಬಗೆಯ ಹಿಮೋಗ್ಲೋಬಿನ್ ನಿಮ್ಮಲ್ಲಿ ಶೇಕಡಾ 5.2 ಬಂದಿದೆ, 3.5 ದಾಟಿದ್ರೆ ವಾಹಕ. ಮೊದಲ ದಿನವೇ ಸಿಬಿಸಿಯ ಆ ಎರಡು ಸಂಖ್ಯೆ ಯಾರಾದ್ರೂ ನೋಡಿದ್ರೆ ಎರಡು ವರ್ಷ ಮಾತ್ರೆ ನುಂಗೋದು ತಪ್ತಿತ್ತು ಅಂತ ನಂಗೆ ತುಂಬಾ ಬೇಜಾರಾಯ್ತು. ದೇಹದಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತೋರಿಸೋ ಫೆರಿಟಿನ್ ಟೆಸ್ಟ್ ಮಾಡ್ಸಿ, ಕಬ್ಬಿಣ ಕಮ್ಮಿ ಇಲ್ಲ ಅಂತಾದ್ರೆ ಐರನ್ ನಿಲ್ಲಿಸೋ ಬಗ್ಗೆ ನಿಮ್ಮ ಡಾಕ್ಟರ್ ಹತ್ರ ಮಾತಾಡಿ.

ಹುಡುಗಿಗೆ ಇದೇ ಎಚ್‌ಪಿಎಲ್‌ಸಿ ಮಾಡ್ಸಿ. ಅವಳು ವಾಹಕಿ ಅಲ್ಲ ಅಂದ್ರೆ ಮಕ್ಕಳಿಗೆ ಥಲಸ್ಸೀಮಿಯಾ ಮೇಜರ್, ಅಂದ್ರೆ ಎರಡೂ ಪ್ರತಿ ಕೆಟ್ಟಾಗ ಬರೋ ದೊಡ್ಡ ಕಾಯಿಲೆ, ಬರೋ ಭಯ ಇಲ್ಲ. ಇಬ್ಬರೂ ವಾಹಕರಾದ್ರೆ ಪ್ರತಿ ಬಸಿರಲ್ಲೂ 4ರಲ್ಲಿ 1 ಸಾಧ್ಯತೆ ಇರುತ್ತೆ, ಆ ಮಗುವಿಗೆ 2-4 ವಾರಕ್ಕೊಮ್ಮೆ ರಕ್ತ ಏರಿಸ್ಬೇಕು, ರಕ್ತದ ಜೊತೆ ಸೇರೋ ಕಬ್ಬಿಣ ಹೊರಗೆ ಹಾಕೋಕೆ ದಿನಾ ಔಷಧಿ. ಆಗಲೂ ಮದುವೆ ಮುರೀಬೇಕು ಅಂತೇನಿಲ್ಲ, 11-13ನೇ ವಾರದಲ್ಲಿ ಮಾಸಿನಿಂದ ಚೂರು ತೆಗೆದು ಪರೀಕ್ಷೆ ಮಾಡಿ ಮಗುವಿಗೆ ಇದೆಯಾ ಅಂತ ತಿಳ್ಕೋಬಹುದು. ನಿಮ್ಮ ಅಣ್ಣ ತಂಗಿಯರಿಗೂ ಟೆಸ್ಟ್ ಮಾಡ್ಸಿ, ಅವರಲ್ಲೂ ಇರ್ಬಹುದು.

ಪ್ರಶ್ನೆ: ಮೂರನೇದೂ ಹೆಣ್ಣು. ಅತ್ತೆ ನಂಜೊತೆ ಮಾತು ಬಿಟ್ಟಿದಾರೆ. (ರಾಯಚೂರು)

ಉತ್ತರ: ತಾಯಿ, ನಿಮ್ಮ ಅಂಡಾಣುವಿನಲ್ಲಿ ಇರೋದು ಎಕ್ಸ್ ಮಾತ್ರ. ಗಂಡನ ವೀರ್ಯಾಣುವಿನಲ್ಲಿ ಎಕ್ಸ್ ಬಂದ್ರೆ ಹೆಣ್ಣು, ವೈ ಬಂದ್ರೆ ಗಂಡು, ಯಾವುದು ಬರುತ್ತೆ ಅನ್ನೋದು ಅವರ ಕೈಲೂ ಇಲ್ಲ. ಈ ಪುಟ ನಿಮ್ಮ ಅತ್ತೆಗೆ ಗಂಡನ ಕೈಲೇ ಓದ್ಸಿ. ಇನ್ನೊಂದ್ಸಲ ನೋಡೋಣ, ಸ್ಕ್ಯಾನ್ ಮಾಡಿ ತಿಳ್ಕೊಳ್ಳೋಣ ಅಂತ ಯಾರಾದ್ರೂ ಅಂದ್ರೆ, 1994ರ ಕಾಯ್ದೆ ಪ್ರಕಾರ ಭ್ರೂಣದ ಲಿಂಗ ಪತ್ತೆ ಮಾಡೋದೂ ಮಾಡ್ಸೋದೂ ಅಪರಾಧ.

ಪ್ರಶ್ನೆ: ಎರಡು ಮಕ್ಕಳು ವರ್ಷ ತುಂಬೋದ್ರೊಳಗೆ ಹೋಗ್ಬಿಟ್ವು. ಊರಲ್ಲಿ ದೋಷ ಅಂತಾರೆ. ಡಾಕ್ಟರ್ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ ಅಂದ್ರು. ಅಲ್ಲಿ ಏನು ಮಾಡ್ತಾರೆ? (ಚಿಕ್ಕಬಳ್ಳಾಪುರ)

ಉತ್ತರ: ನಿಮ್ಮ ಪತ್ರ ಎರಡು ದಿನ ಮೇಜಿನ ಮೇಲೇ ಇತ್ತು, ಏನು ಬರೀಬೇಕು ಅಂತ ತೋಚಲಿಲ್ಲ. ದೋಷ ಅನ್ನೋ ಮಾತನ್ನ ಮನಸ್ಸಿಂದ ತೆಗೆದುಹಾಕಿ. ನೀವು ತಿಂದಿದ್ದು, ಗ್ರಹಣದಲ್ಲಿ ಹೊರಗೆ ಬಂದಿದ್ದು ಯಾವುದೂ ಇದಕ್ಕೆ ಕಾರಣ ಅಲ್ಲ.

ಹುಟ್ಟಿನಿಂದ ಬಂದ ತೊಂದರೆ ಎಲ್ಲವೂ ಜೀನಿನದ್ದಲ್ಲ, ಬಸಿರಲ್ಲಿ ರುಬೆಲ್ಲಾ ಸೋಂಕು ತಗುಲಿದ್ರೂ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳುತ್ತೆ. ಜೀನಿನದ್ದೆಲ್ಲವೂ ವಂಶದಿಂದ ಬಂದಿದ್ದೂ ಅಲ್ಲ, ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತೆ, ಅದು ಹೆಚ್ಚಿನ ಸಲ ಅಂಡಾಣು ತಯಾರಾಗುವಾಗ ಆಕಸ್ಮಿಕವಾಗಿ ಆಗೋ ಏರುಪೇರು. ನಿಮ್ಮದು ಯಾವ ಥರ ಅಂತ ಹುಡುಕೋದೇ ಅಲ್ಲಿಯ ಕೆಲಸ. ಮೊದಲು ಮೂರು ತಲೆಮಾರಿನ ವಂಶವೃಕ್ಷ ಬರೀತಾರೆ, ಆಮೇಲೆ ಬೇಕಾದ್ರೆ ನಿಮ್ಮಿಬ್ಬರ ರಕ್ತ ಪರೀಕ್ಷೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೇ ಕೆಲಸಕ್ಕಿರೋ ಸಂಸ್ಥೆ, ನಿಮಗೆ ಹತ್ತಿರವೂ ಹೌದು. ಮತ್ತೆ ಬಸಿರಾಗೋಕೆ ಮುಂಚೆಯೇ ಹೋಗಿ, ಆದಮೇಲೆ ಹೋದ್ರೆ ರಿಪೋರ್ಟ್ ಬರೋಕೆ ಟೈಮೇ ಸಾಲಲ್ಲ.

ಹೋಗುವಾಗ ಡಿಸ್ಚಾರ್ಜ್ ಚೀಟಿ, ಹಳೇ ರಿಪೋರ್ಟ್ ಎಲ್ಲ ತಗೊಂಡ್ಹೋಗಿ, ಹರಿದಿದ್ರೂ ಪರವಾಗಿಲ್ಲ. ಮಕ್ಕಳ ಫೋಟೋ, ಫೋನಲ್ಲಿ ವಿಡಿಯೋ ಇದ್ರೆ ಅಳಿಸ್ಬೇಡಿ, ನೋಡೋಕೆ ನಿಮಗೆ ಕಷ್ಟ ಆಗುತ್ತೆ, ಆದ್ರೆ ಮಗು ಕೈಕಾಲು ಹೇಗೆ ಆಡಿಸ್ತಿತ್ತು, ಹೇಗೆ ಉಸಿರಾಡ್ತಿತ್ತು ಅನ್ನೋದು ಅದರಲ್ಲೇ ಗೊತ್ತಾಗೋದು. ಗಂಡನನ್ನೂ ಜೊತೇಲಿ ಕರ್ಕೊಂಡು ಹೋಗಿ, ಒಬ್ರೇ ಹೋಗ್ಬೇಡಿ.